ರೈಡ್ ಅಲ್ಲ ಮಾರಾಯ್ರೆ, ತಪಾಸಣೆ! ಸಾರವಾಡದ ಹೋಟೆಲೊಂದರ 14 ದಿನ

"ಉಮ್ಮಾ, ಹೋಟೆಲಿಗೆ ರೈಡ್ ಆಗಿದೆ."

2025ರ ಬೇಸಗೆಯ ಒಂದು ಮಧ್ಯಾಹ್ನ ಬಂಟ್ವಾಳ ಕಡೆಯ ಒಂದು ಮನೆಗೆ ಬಂದ ಫೋನ್ ಇದು. ಮಾತಾಡಿದ್ದು ಮಗ. ಅವನು ಇರುವುದು ವಿಜಯಪುರ ಜಿಲ್ಲೆ ಬಬಲೇಶ್ವರ ತಾಲೂಕಿನ ಸಾರವಾಡದಲ್ಲಿ. ಊರಿನಿಂದ ರಾತ್ರಿ ಬಸ್ಸು ಹತ್ತಿದರೆ ಮರುದಿನ ಬೆಳಕು ಹರಿದ ಮೇಲೆ ತಲುಪುವಷ್ಟು ದೂರ.

"ಎಂತ ರೈಡ್ ಮೋನೆ? ಪೊಲೀಸರಾ?"

"ಅಲ್ಲ ಉಮ್ಮಾ, ಫುಡ್‌ನವರು. ಫ್ರಿಜ್ಜಿನ ಫೋಟೋ ತೆಗೆದ್ರು. ಕಬಾಬ್ ಕಟ್ಟಿಕೊಂಡು ಹೋದ್ರು."

ಆ ದಿನ ಸಂಜೆ ಆ ತಾಯಿ ಯಾಸೀನ್ ಓದಲು ಕುಳಿತವರು ಇಶಾ ಬಾಂಗ್ ಆಗುವವರೆಗೂ ಎದ್ದಿರಲಿಲ್ಲವಂತೆ. ಮಗ ಸಾಲ ಮಾಡಿ ಹಾಕಿದ ಹೋಟೆಲು. ಮನೆಯ ಚಿನ್ನ ಸೊಸೈಟಿಯಲ್ಲಿ ಇತ್ತು. ಬಾಗಿಲು ಮುಚ್ಚಿದರೆ ಮುಂದೆ ಎಂತ ಮಾಡುವುದು?

ಹೋಟೆಲು ಮುಚ್ಚಲಿಲ್ಲ. ಇವತ್ತಿಗೂ ನಡೆಯುತ್ತಿದೆ. ಆದರೆ ಆ ತಪಾಸಣೆಯ ನಂತರದ 14 ದಿನಗಳಲ್ಲಿ ಅವನು ಕಲಿತದ್ದನ್ನು ನಮ್ಮವರು ಎಲ್ಲರೂ ತಿಳಿದುಕೊಳ್ಳಬೇಕು. ಹೋಟೆಲು, ಬೇಕರಿ, ಜ್ಯೂಸ್ ಅಂಗಡಿ, ಕೇಟರಿಂಗ್ ಅಂತ ಬ್ಯಾರಿ ಮನೆಗಳ ಎಷ್ಟೋ ಮಕ್ಕಳು ರಾಜ್ಯದ ಮೂಲೆ ಮೂಲೆಯಲ್ಲಿ ಒಲೆ ಹಚ್ಚಿ ಬದುಕು ಕಟ್ಟಿದ್ದಾರೆ. ಕಳೆದ ಸಲ ಅವನು ಊರಿಗೆ ಬಂದಾಗ ಕಾಗದಗಳ ಫೈಲು ತೆಗೆದು ಮುಂದೆ ಇಟ್ಟ. "ಹೆಸರು ಮಾತ್ರ ಹಾಕ್ಬೇಡಿ ಕಾಕ, ಬಾಕಿ ಎಲ್ಲ ಬರೀರಿ" ಅಂದ.

ಬಂದವರು ಯಾರು?

ನಮ್ಮಲ್ಲಿ ಹಳಬರಿಗೆ ಈಗಲೂ "ಹೆಲ್ತ್ ಇನ್‌ಸ್ಪೆಕ್ಟರ್" ಅಂದರೇ ಗೊತ್ತು. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಕಾಲದ ಫುಡ್ ಇನ್‌ಸ್ಪೆಕ್ಟರ್‌ಗಳ ನೆನಪು ಅದು. ಆ ಕಾಯ್ದೆ ಈಗ ಇಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು 2011ರ ಆಗಸ್ಟ್ 5ರಿಂದ ದೇಶದಾದ್ಯಂತ ಜಾರಿಯಲ್ಲಿದೆ. ಕೇಂದ್ರದಲ್ಲಿ ಎಫ್‌ಎಸ್‌ಎಸ್‌ಎಐ, ರಾಜ್ಯದಲ್ಲಿ ಆಹಾರ ಸುರಕ್ಷತಾ ಆಯುಕ್ತರು, ಜಿಲ್ಲೆಯಲ್ಲಿ ಅಂಕಿತಾಧಿಕಾರಿ, ಅವರ ಕೆಳಗೆ ಆಹಾರ ಸುರಕ್ಷತಾಧಿಕಾರಿ. ಹೋಟೆಲಿನ ಅಡುಗೆಮನೆಗೆ ಬಂದು ನಿಲ್ಲುವವರು ಈ ಕೊನೆಯವರು.

ಇವರಲ್ಲದೆ ಬೇರೆಯವರೂ ಬರುವುದುಂಟು. ಸಾರವಾಡದಂಥ ಊರಿನಲ್ಲಿ ವ್ಯಾಪಾರದ ಪರವಾನಗಿ ಕೊಡುವುದು ಗ್ರಾಮ ಪಂಚಾಯತ್. ಊರಿನಲ್ಲಿ ವಾಂತಿಭೇದಿ ಎದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ನೀರು, ಚರಂಡಿ ನೋಡಲು ಬರುತ್ತಾರೆ. ಯಾರು ಯಾವ ಕಾನೂನಿನಲ್ಲಿ ಬಂದಿದ್ದಾರೆ ಎಂದು ಗುರುತಿನ ಚೀಟಿ ನೋಡಿ ಕೇಳುವುದರಲ್ಲಿ ತಪ್ಪಿಲ್ಲ. ಕೇಳುವ ಬಾಯಿ ಮಾತ್ರ ಮರ್ಯಾದೆಯದ್ದಾಗಿರಬೇಕು.

ನಮ್ಮ ಹುಡುಗ ಕೇಳಲಿಲ್ಲ. ನಡುಗಿದ. ಅವನ ಮುಖ ನೋಡಿ ಅಧಿಕಾರಿಯೇ ಹೇಳಿದರಂತೆ: "ಹೆದರಬ್ಯಾಡ್ರಿ ಸಾಬ್ರ. ನಾವು ಹೋಟೆಲ್ ಮುಚ್ಚಾಕ ಬಂದಿಲ್ಲ, ನೋಡಾಕ ಬಂದೀವಿ."

ಆ ದಿನ ನಡೆದದ್ದು

ಅಧಿಕಾರಿ ಕೈಯಲ್ಲಿ ಮೊಬೈಲ್ ಹಿಡಿದು ಅದರಲ್ಲಿದ್ದ ಪ್ರಶ್ನೆಪಟ್ಟಿ ತೆರೆದರು. ಹೋಟೆಲು, ಕೇಟರಿಂಗ್‌ನವರಿಗೆ ಎಫ್‌ಎಸ್‌ಎಸ್‌ಎಐ ಮಾಡಿದ ತಪಾಸಣಾ ಪಟ್ಟಿ ಉಂಟು. ಒಟ್ಟು 114 ಅಂಕ. ನೂರು ದಾಟಿದರೆ ಎ ಪ್ಲಸ್. ಆದರೆ ಕೆಲವು ಪ್ರಶ್ನೆಗಳಿಗೆ ನಕ್ಷತ್ರದ ಗುರುತು ಹಾಕಿದ್ದಾರೆ. ಅವುಗಳಲ್ಲಿ ಒಂದರಲ್ಲಿ ಫೇಲ್ ಆದರೂ ಬಾಕಿ ಅಂಕ ಎಷ್ಟು ಇದ್ದರೂ ಪ್ರಯೋಜನ ಇಲ್ಲ. ಕುಡಿಯುವ ನೀರು, ಬೇಯಿಸುವ ಹದ, ಫ್ರಿಜ್ಜಿನ ತಂಪು – ಜನರ ಜೀವಕ್ಕೆ ತಟ್ಟುವಂಥ ಪ್ರಶ್ನೆಗಳು ಅವು.

ಅವರು ಮೊದಲು ನೋಡಿದ್ದು ಗೋಡೆ. ಎಫ್‌ಎಸ್‌ಎಸ್‌ಎಐ ಪ್ರಮಾಣಪತ್ರ ಗಿರಾಕಿಗೆ ಕಾಣುವ ಹಾಗೆ ತೂಗುಹಾಕಬೇಕು. ನಮ್ಮವನದ್ದು ಕ್ಯಾಶ್ ಡ್ರಾಯರಿನಲ್ಲಿ, ಹಳೆಯ ಬಿಲ್ ಬುಕ್ಕಿನ ಅಡಿಯಲ್ಲಿ ಇತ್ತು. ಮತ್ತೆ ನೀರಿನ ಟ್ಯಾಂಕ್. ಮತ್ತೆ ಕೈ ತೊಳೆಯುವ ಜಾಗ: ಸಾಬೂನು ಉಂಟಾ? ಅಡುಗೆಯವನ ಉಗುರು, ತಲೆಗೆ ಟೋಪಿ. ಹುರಿಯುವ ಎಣ್ಣೆಯ ಬಣ್ಣ. ಕಸದ ಡಬ್ಬಕ್ಕೆ ಮುಚ್ಚಳ. ಅಕ್ಕಿ ಮೂಟೆ ನೆಲದ ಮೇಲೆ ಉಂಟಾ, ಹಲಗೆಯ ಮೇಲೆ ಉಂಟಾ. ಕೊನೆಗೆ ಫ್ರಿಜ್ಜಿನ ಬಾಗಿಲು.

"ಒಟ್ಟು ಮುಕ್ಕಾಲು ಗಂಟೆ ಆಗಿರಬಹುದು ಕಾಕ. ನನಗೆ ಮುಕ್ಕಾಲು ವರ್ಷದ ಹಾಗೆ ಆಯಿತು."

ಹೊರಗೆ ಚಾ ಕುಡಿಯುತ್ತಿದ್ದ ಊರವರು ಎದ್ದು ಬಂದು ನೋಡಿದರು. ಹಿರಿಯರೊಬ್ಬರು, "ಯಾಕೋ ತಮ್ಮಾ, ಏನಾತು?" ಎಂದು ಕೇಳಿದರಂತೆ. ಮಾದರಿ ತೆಗೆಯುವಾಗ ಸಾಕ್ಷಿಯಾಗಿ ಸಹಿ ಹಾಕಿದ್ದು ಅವರೇ. ಒಬ್ಬರಾದರೂ ಸಾಕ್ಷಿ ಇರಬೇಕು ಎಂದು ಕಾನೂನೇ ಹೇಳುತ್ತದೆ.

ಹೆದರಿಕೆ ಇದ್ದದ್ದು ಬಣ್ಣಕ್ಕೆ

ಹುಡುಗನ ಎದೆ ಹೊಡೆದುಕೊಂಡದ್ದು ಕಬಾಬಿನ ವಿಷಯಕ್ಕೆ. ಅದಕ್ಕೆ ಕಾರಣ ಉಂಟು.

2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಹಾಕುವುದನ್ನೂ ರಾಜ್ಯದಲ್ಲಿ ನಿಷೇಧಿಸಿದ್ದನ್ನು ಪ್ರಕಟಿಸಿದರು. ಆಗ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ರೋಡಮಿನ್-ಬಿ ಅಂದರೆ ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಸರದಿ ಕಬಾಬಿನದ್ದು. 39 ಕಬಾಬ್ ಮಾದರಿ ಪರೀಕ್ಷಿಸಿದಾಗ 8 ಅಸುರಕ್ಷಿತ. ಅವುಗಳಲ್ಲಿ ಸಿಕ್ಕಿದ್ದು ಸನ್‌ಸೆಟ್ ಯೆಲ್ಲೋ ಮತ್ತು ಕಾರ್ಮೋಸಿನ್. ಚಿಕನ್, ಮೀನು, ವೆಜ್ ಯಾವ ಕಬಾಬಿಗೂ ಕೃತಕ ಬಣ್ಣ ಹಾಕಬಾರದು ಎಂದು ಆದೇಶ ಬಂತು. ತಪ್ಪಿದರೆ 7 ವರ್ಷದಿಂದ ಜೀವಾವಧಿವರೆಗೆ ಜೈಲು, 10 ಲಕ್ಷ ದಂಡದ ಎಚ್ಚರಿಕೆಯೂ ಜೊತೆಗೆ ಬಂತು.

ಕೆಂಪು ಕಬಾಬು ಇಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ಮಾತು ನಮ್ಮ ಹೋಟೆಲ್‌ಗಳಲ್ಲಿ ಬಹಳ ಕಾಲದಿಂದ ಇತ್ತು. ಈ ಹುಡುಗ ಆದೇಶ ಬಂದ ವಾರವೇ ಬಣ್ಣದ ಡಬ್ಬಿ ಎಸೆದು ಬ್ಯಾಡಗಿ ಮೆಣಸಿಗೆ ಬಂದಿದ್ದ. ಖಾರ ಕಡಿಮೆ, ಬಣ್ಣ ಜಾಸ್ತಿ. ಆದರೂ ಒಂದು ಸಂಶಯ ಅವನನ್ನು ಕೊರೆಯುತ್ತಿತ್ತು. ಮಸಾಲೆ ತರುವುದು ಪೇಟೆಯಿಂದ, ರೆಡಿಮೇಡ್ ಪ್ಯಾಕೆಟಿನಲ್ಲಿ. ಅದರೊಳಗೆ ಬಣ್ಣ ಬೆರೆಸಿದ್ದರೆ?

ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕಿದರು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಗೆ. ಉಳಿದ ಒಂದನ್ನು ಮಾಲೀಕ ಕೇಳಿದರೆ ಮಾನ್ಯತೆ ಪಡೆದ ಬೇರೆ ಲ್ಯಾಬಿಗೆ ಕಳಿಸಬಹುದು. ತೆಗೆದುಕೊಂಡ ಕಬಾಬಿಗೆ ಮಾರುವ ದರದ ಪ್ರಕಾರ ದುಡ್ಡು ಕೂಡ ಕೊಟ್ಟರು. ಇವನು "ಬೇಡ ಸಾರ್, ಪರವಾಗಿಲ್ಲ" ಅಂದ. "ತಗೋಬೇಕ್ರಿ, ರಸೀದಿಗೆ ಸಹಿ ಹಾಕ್ರಿ" ಎಂದರಂತೆ. ದುಡ್ಡು ಕೊಡದೆ ಮಾದರಿ ಒಯ್ಯುವ ಹಾಗಿಲ್ಲ.

ವಿಶ್ಲೇಷಕರು ಮಾದರಿ ಕೈಗೆ ಬಂದ 14 ದಿನದೊಳಗೆ ವರದಿ ಕೊಡಬೇಕು. ವರದಿ ಬಂತು. ಕೃತಕ ಬಣ್ಣ ಇಲ್ಲ. ಫೋನಿನಲ್ಲಿ ಕೇಳಿದ ಉಮ್ಮ ಅಳುತ್ತಾ "ಅಲ್‌ಹಮ್ದುಲಿಲ್ಲಾಹ್" ಅಂದರು.

ತಪ್ಪು ಸಿಕ್ಕಿದ್ದು ಫ್ರಿಜ್ಜಿನಲ್ಲಿ

ಆದರೆ ಕಥೆ ಮುಗಿದದ್ದು ಅಲ್ಲಿಗಲ್ಲ. ಅವನು ಲೆಕ್ಕಕ್ಕೇ ಇಟ್ಟುಕೊಳ್ಳದ ಜಾಗದಲ್ಲಿ ತಪ್ಪು ಸಿಕ್ಕಿತ್ತು.

ಫ್ರಿಜ್ಜಿನ ಮೇಲಿನ ಹಲಗೆಯಲ್ಲಿ ಮಸಾಲೆ ಹಚ್ಚಿದ ಹಸಿ ಕೋಳಿ. ಅದರ ಕೆಳಗೆ ಮುಚ್ಚಳವಿಲ್ಲದ ಪಾತ್ರೆಯಲ್ಲಿ ನಿನ್ನೆಯ ಬಿರಿಯಾನಿ ಅನ್ನ. ಹಸಿ ಕೋಳಿಯ ನೀರು ಹನಿ ಹನಿಯಾಗಿ ಕೆಳಗೆ ಇಳಿದ ಗುರುತು ಇತ್ತು. ಜೊತೆಗೆ ಎರಡೂವರೆ ಗಂಟೆ ಕರೆಂಟು ಇರಲಿಲ್ಲ. ಅಧಿಕಾರಿ ಥರ್ಮಾಮೀಟರ್ ಇಟ್ಟು ತೋರಿಸಿದರು. ಅದು ಫ್ರಿಜ್ಜೇ ಅಲ್ಲ, ಬರೀ ಬಾಗಿಲಿರುವ ಕಪಾಟು.

ಇದರಲ್ಲಿ ಅಪಾಯ ಎಂತ? ತಂಪಾಗಿ ಇಡುವ ಆಹಾರ 5 ಡಿಗ್ರಿಗಿಂತ ಕೆಳಗೆ ಇರಬೇಕು, ಬಿಸಿಯಾಗಿ ಬಡಿಸುವ ಆಹಾರ 60 ಡಿಗ್ರಿಗಿಂತ ಮೇಲೆ ಇರಬೇಕು. ಇವೆರಡರ ನಡುವಿನ ಶಾಖ ರೋಗಾಣುಗಳಿಗೆ ಹಬ್ಬ. ವಿಜಯಪುರ ಜಿಲ್ಲೆಯ ಬೇಸಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಕರಾವಳಿಯಿಂದ ಹೋದ ನಮ್ಮ ಮಕ್ಕಳು ಬೆವರಿಗೆ ಒಗ್ಗಿದವರು, ಆ ಒಣ ಬಿಸಿಲಿಗೆ ಒಗ್ಗಿದವರಲ್ಲ. ಊರಿನಲ್ಲಿ ಬೆಳಗ್ಗೆಯ ಅನ್ನ ಮಧ್ಯಾಹ್ನಕ್ಕೆ ಸರಿ ಇತ್ತು ಅಂದರೆ ಅಲ್ಲಿಯೂ ಸರಿ ಇರುತ್ತದೆ ಅಂತ ಅಲ್ಲ.

"ಮತ್ತೊಮ್ಮೆ ಬಿಸಿ ಮಾಡಿದರೆ ಎಲ್ಲ ಸಾಯುತ್ತದಲ್ಲ ಸಾರ್?" ಅಂತ ಕೇಳಿದೆ ಅಂದ ಅವನು. ಎಲ್ಲ ಸಾಯುವುದಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಅನ್ನ ಬೇಯುವಾಗಲೂ ಉಳಿಯುತ್ತದೆ. ಅನ್ನ ಹೊರಗೆ ಗಂಟೆಗಟ್ಟಲೆ ಕುಳಿತರೆ ಅದು ಬೆಳೆದು ವಿಷ ಬಿಡುತ್ತದೆ. ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆಯಲ್ಲಿ, ರುಚಿಯಲ್ಲಿ ಗೊತ್ತೂ ಆಗುವುದಿಲ್ಲ.

ನಮ್ಮ ಪಕ್ಕದಲ್ಲೇ ಆದದ್ದನ್ನು ಮರೆಯಬಾರದು. 2022ರ ಮೇ 1ರಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು 16 ವರ್ಷದ ಒಬ್ಬಳು ಹುಡುಗಿ ತೀರಿಕೊಂಡಳು. ಇನ್ನೂ ಹಲವು ಮಂದಿ ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಸಿಕ್ಕಿದ್ದು ಶಿಗೆಲ್ಲ ಎಂಬ ರೋಗಾಣು. ಬಣ್ಣ ಅಲ್ಲ, ಕಲಬೆರಕೆ ಅಲ್ಲ, ಕಣ್ಣಿಗೆ ಕಾಣದ ಕೊಳೆ. ಆ ನಂತರ ಕೇರಳದಲ್ಲಿ ತಪಾಸಣೆ ಬಿಗಿಯಾಯಿತು. 2023ರ ಆರಂಭದಲ್ಲಿ ಹಸಿ ಮೊಟ್ಟೆಯ ಮಯೊನೈಸ್ ನಿಷೇಧವಾಯಿತು, ಪಾರ್ಸೆಲಿನ ಮೇಲೆ ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಚೀಟಿ ಬಂತು, ಹೋಟೆಲ್ ಕೆಲಸಗಾರರಿಗೆ ಹೆಲ್ತ್ ಕಾರ್ಡ್ ಕಡ್ಡಾಯವಾಯಿತು. ಒಂದು ಮನೆಯ ಮಗು ಹೋದ ಮೇಲೆ ಬಂದ ನಿಯಮಗಳು ಇವು.

"ನಾನು ಹೆದರಿದ್ದು ಬಣ್ಣಕ್ಕೆ, ತಪ್ಪು ಮಾಡಿದ್ದು ಫ್ರಿಜ್ಜಿನಲ್ಲಿ" ಅಂದ ಹುಡುಗ. ನಮ್ಮ ಹೆಚ್ಚಿನ ಹೋಟೆಲ್‌ಗಳ ಕಥೆಯೂ ಇಷ್ಟೇ. ದಂಡ ಬೀಳುವ ಹೆಸರು ಗೊತ್ತು, ಜನ ಬೀಳುವ ದಾರಿ ಗೊತ್ತಿಲ್ಲ.

ಉಪ್ಪು ನೀರಿನ ಸೀಮೆ

ಎರಡನೆಯ ತಪ್ಪು ನೀರಿನದ್ದು. ಸಾರವಾಡದ ಸುತ್ತು ಡೋಣಿ ನದಿಯ ಸೀಮೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅಂತ ಅಲ್ಲಿಯ ಮಾತು. ಕಪ್ಪು ಮಣ್ಣಿನಲ್ಲಿ ಜೋಳ ಚಂದ ಬರುತ್ತದೆ. ಆದರೆ ಆ ನದಿಯ ನೀರು ಉಪ್ಪು. ಬೋರ್‌ವೆಲ್ ನೀರೂ ಹಲವು ಕಡೆ ಗಡಸು.

"ನಮ್ಮ ನೀರು ಸಿಹಿ ಉಂಟು, ಎಂತ ತೊಂದರೆ ಇಲ್ಲ" ಅಂತ ಇವನು ಹೇಳಿದ. ಅಧಿಕಾರಿ ಕೇಳಿದ್ದು ರುಚಿಯನ್ನಲ್ಲ, ಲ್ಯಾಬ್ ವರದಿಯನ್ನು. ಹೋಟೆಲಿನಲ್ಲಿ ಬಳಸುವ ನೀರು ಐಎಸ್ 10500 ಮಾನಕಕ್ಕೆ ಸರಿಯಿರಬೇಕು, 6 ತಿಂಗಳಿಗೊಮ್ಮೆ ಪರೀಕ್ಷೆ ಆಗಿ ವರದಿ ಫೈಲಿನಲ್ಲಿ ಇರಬೇಕು ಎಂಬುದು ಪಟ್ಟಿಯ ಪ್ರಶ್ನೆ. ಆ ಮಾನಕದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದು ಇ-ಕೋಲಿ ಕೂಡ ಇರಬಾರದು. ಉಪ್ಪು ನೀರು ನಾಲಿಗೆಗೆ ಗೊತ್ತಾಗುತ್ತದೆ, ಇ-ಕೋಲಿ ಗೊತ್ತಾಗುವುದಿಲ್ಲ.

ನಮ್ಮ ಮಂಗಳೂರು, ಉಡುಪಿ ಕಡೆಯ ಬಾವಿ ನೀರಿಗೂ ಇದೇ ಮಾತು. ಬಾವಿಗೂ ಟಾಯ್ಲೆಟ್ ಗುಂಡಿಗೂ ನಾಲ್ಕು ಮಾರು ಅಂತರ ಇರುವ ಕಡೆ ಮಳೆಗಾಲದಲ್ಲಿ ನೀರು ಸ್ಫಟಿಕದ ಹಾಗೆ ಕಂಡರೂ ನಂಬಬಾರದು.

ನೂರು ರೂಪಾಯಿಯ ಕಾಗದ

ಮೂರನೆಯ ತಪ್ಪು ಕಾಗದದ್ದು. ಇದು ನಮ್ಮವರಲ್ಲಿ ಬಹಳ ಸಾಮಾನ್ಯ.

2011ರ ಲೈಸೆನ್ಸ್ ನಿಯಮಾವಳಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವ್ಯವಹಾರದವರಿಗೆ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. ಅದಕ್ಕಿಂತ ಮೇಲಾದರೆ ಲೈಸೆನ್ಸ್ ಎಂದು ಇಟ್ಟರು. ನಮ್ಮ ಹುಡುಗ ಶುರುವಿನಲ್ಲಿ ಬರೀ ಚಾ, ಆಮ್ಲೆಟ್ ಮಾಡುವಾಗ ನೋಂದಣಿ ಮಾಡಿಸಿದ್ದ. ಬಿರಿಯಾನಿ, ಕಬಾಬ್ ಬಂದ ಮೇಲೂ ಅದೇ ಕಾಗದ. 12 ಲಕ್ಷ ಅಂದರೆ ದೊಡ್ಡ ಮೊತ್ತ ಅಂತ ಕಾಣುತ್ತದೆ. ಭಾಗಿಸಿ ನೋಡಿ: ದಿನಕ್ಕೆ ಸುಮಾರು 3,300 ರೂಪಾಯಿ. ಎರಡು ಡೇಕ್ಷಾ ಬಿರಿಯಾನಿ ಖಾಲಿ ಮಾಡುವವನು ಅದನ್ನು ದಾಟಿಯೇ ದಾಟುತ್ತಾನೆ. ಮದುವೆ ಊಟದ ಕೇಟರಿಂಗ್‌ನವರನ್ನು ಸಣ್ಣ ವ್ಯಾಪಾರಿಗಳ ಲೆಕ್ಕದಿಂದ ಹೊರಗೇ ಇಟ್ಟಿದ್ದಾರೆ. ಮಿತಿ, ಶುಲ್ಕಗಳಿಗೆ ಆಗಾಗ ತಿದ್ದುಪಡಿ ಬರುವುದುಂಟು. ಅರ್ಜಿ ಹಾಕುವಾಗ ಫಾಸ್ಕಾಸ್ ಪೋರ್ಟಲಿನಲ್ಲಿ ಅಥವಾ ಜಿಲ್ಲೆಯ ಅಂಕಿತಾಧಿಕಾರಿ ಕಚೇರಿಯಲ್ಲಿ ಆ ದಿನದ ಲೆಕ್ಕ ಕೇಳಿಕೊಳ್ಳಿ.

ಪ್ರಮಾಣಪತ್ರದ 14 ಅಂಕಿಯ ಸಂಖ್ಯೆಯನ್ನು ಬಿಲ್ಲಿನಲ್ಲಿ ಮುದ್ರಿಸುವುದು 2022ರ ಜನವರಿ 1ರಿಂದ ಕಡ್ಡಾಯ. ಆಹಾರ ಮುಟ್ಟುವ ಪ್ರತಿ ಕೆಲಸಗಾರನಿಗೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಆಗಿ ಪತ್ರ ಇರಬೇಕು. ಜ್ವರ, ಭೇದಿ, ಕೈಯಲ್ಲಿ ಕೀವಾದ ಗಾಯ ಇದ್ದವನನ್ನು ಒಲೆಯ ಹತ್ತಿರ ನಿಲ್ಲಿಸಬಾರದು. ಒಂದು ದಿನದ ಕೂಲಿ ಉಳಿಸಲು ಅವನನ್ನು ನಿಲ್ಲಿಸಿದರೆ ಉಳಿಯುವುದು ಎಂತ ಅಂತ ಯೋಚಿಸಿ.

14 ದಿನದ ಗಡುವು

ಇಷ್ಟೆಲ್ಲ ಸಿಕ್ಕಿದ ಮೇಲೂ ಬಾಗಿಲಿಗೆ ಸೀಲ್ ಬೀಳಲಿಲ್ಲ. ಬಂದದ್ದು "ಸುಧಾರಣಾ ನೋಟಿಸ್". ಕಾಯ್ದೆಯ 32ನೇ ಕಲಮಿನ ಪ್ರಕಾರ ಕೊಡುವ ಈ ನೋಟಿಸಿನಲ್ಲಿ ತಪ್ಪು ಯಾವುದು, ಸರಿ ಮಾಡುವುದು ಹೇಗೆ ಎಂದು ಬರೆದು ಕಡಿಮೆಯೆಂದರೆ 14 ದಿನ ಸಮಯ ಕೊಡಬೇಕು. ಆಗಲೂ ಸರಿ ಮಾಡದಿದ್ದರೆ ಲೈಸೆನ್ಸ್ ಅಮಾನತು. ಮತ್ತೂ ಮಾಡದಿದ್ದರೆ ರದ್ದು. ಒಪ್ಪಿಗೆ ಇಲ್ಲದವರು ಆಯುಕ್ತರಿಗೆ ಮೇಲ್ಮನವಿ ಹಾಕಬಹುದು. ತಿಂದವರ ಜೀವಕ್ಕೆ ಕೂಡಲೇ ಅಪಾಯ ಉಂಟು ಎಂದು ಕಂಡಾಗ ಮಾತ್ರ 34ನೇ ಕಲಮಿನ ತುರ್ತು ನಿಷೇಧದ ದಾರಿ.

ಹುಡುಗ ಆ 14 ದಿನದಲ್ಲಿ ಮಾಡಿದ್ದು: ಹಸಿ ಮಾಂಸಕ್ಕೆ ಬೇರೆಯೇ ಒಂದು ಹಳೆಯ ಡೀಪ್ ಫ್ರೀಜರ್. ಬೇಯಿಸಿದ್ದಕ್ಕೆ ಮುಚ್ಚಳದ ಡಬ್ಬ, ಮೇಲಿನ ಹಲಗೆ. ಹಸಿ ಕೋಳಿಗೆ ಒಂದು ಹಲಗೆ-ಕತ್ತಿ, ಈರುಳ್ಳಿ-ಸೌತೆಗೆ ಇನ್ನೊಂದು. ಟ್ಯಾಂಕ್ ತಿಕ್ಕಿ ತೊಳೆದು ದಿನಾಂಕ ಬರೆದದ್ದು. ನೀರಿನ ಪರೀಕ್ಷೆ. ಮೂವರು ಹುಡುಗರ ವೈದ್ಯಕೀಯ ಪತ್ರ. ಲೈಸೆನ್ಸಿಗೆ ಅರ್ಜಿ. ನಿನ್ನೆಯ ಅನ್ನ ಎಂಬ ಪದ್ಧತಿಯೇ ಬಂದ್. ಈಗ ಬೆಳಗ್ಗೆ ಅರ್ಧ ಡೇಕ್ಷಾ, ಗಿರಾಕಿ ನೋಡಿ ಮತ್ತೆ ಅರ್ಧ.

"ಖರ್ಚು ಆಯಿತು ಕಾಕ, ಸುಳ್ಳು ಹೇಳುದಿಲ್ಲ. ಆದರೆ ಅನ್ನ ಬಿಸಾಡುವುದು ನಿಂತಿತು. ಅದರಲ್ಲೇ ಸುಮಾರು ವಾಪಸ್ ಬಂತು."

ಎರಡನೆಯ ಸಲ ಬಂದಾಗ ಅಧಿಕಾರಿ ಫ್ರಿಜ್ಜು ತೆರೆದು ನೋಡಿ ಒಂದು ಮಾತೂ ಆಡಲಿಲ್ಲವಂತೆ. ಹೋಗುವಾಗ ಚಾ ಕುಡಿದು ದುಡ್ಡು ಕೊಟ್ಟು ಹೋದರು.

ಅಧಿಕಾರಿಗೂ ಕಾನೂನು ಉಂಟು

ಎಲ್ಲ ಕಡೆ ಹೀಗೇ ಆಗುತ್ತದೆ ಎಂದು ಹೇಳುವಷ್ಟು ನಾವು ಮುಗ್ಧರಲ್ಲ. ಕಾರಣ ಇಲ್ಲದೆ ಸತಾಯಿಸುವವರು, "ನೋಡಿಕೊಳ್ಳಿ" ಎಂದು ಕೈ ಚಾಚುವವರು ಇದ್ದಾರೆ ಎಂಬ ದೂರು ಹೋಟೆಲ್‌ನವರ ಬಾಯಲ್ಲಿ ಹೊಸದಲ್ಲ. ಅದಕ್ಕೆ ಕಾನೂನು ತಿಳಿದಿರಬೇಕು. ಸಕಾರಣ ಇಲ್ಲದೆ ಆಹಾರ ಜಪ್ತಿ ಮಾಡಿದರೆ, ಕಿರುಕುಳ ಕೊಟ್ಟರೆ ಆಹಾರ ಸುರಕ್ಷತಾಧಿಕಾರಿಗೇ 1 ಲಕ್ಷ ರೂಪಾಯಿವರೆಗೆ ದಂಡ ಎಂದು 39ನೇ ಕಲಮು ಹೇಳುತ್ತದೆ. ಲ್ಯಾಬ್ ವರದಿ ವಿರುದ್ಧ ಬಂದರೆ 30 ದಿನದೊಳಗೆ ಅಂಕಿತಾಧಿಕಾರಿಗೆ ಮೇಲ್ಮನವಿ ಕೊಟ್ಟು ಉನ್ನತ ಲ್ಯಾಬಿನಲ್ಲಿ ಮರುಪರೀಕ್ಷೆ ಕೇಳಬಹುದು. ದಂಡದ ಪ್ರಕರಣಗಳನ್ನು ತೀರ್ಮಾನಿಸುವುದು ತಪಾಸಣೆಗೆ ಬಂದ ಅಧಿಕಾರಿ ಅಲ್ಲ, ಅಪರ ಜಿಲ್ಲಾಧಿಕಾರಿ ದರ್ಜೆಯವರು. ಸ್ಥಳದಲ್ಲಿ ಕೈಗೆ ದುಡ್ಡು ಕೊಟ್ಟು ಮುಗಿಸುವ ಕೆಲಸ ಇದಲ್ಲ. ಕೊಟ್ಟವನ ತಪ್ಪು ಅಲ್ಲೇ ಉಳಿಯುತ್ತದೆ, ಫ್ರಿಜ್ಜೂ ಹಾಗೇ ಉಳಿಯುತ್ತದೆ.

ಇನ್ನೊಂದು ವಿಷಯ ಮುಚ್ಚಿಡುವುದು ಬೇಡ. ನಮ್ಮವರ ಹೋಟೆಲಿನ ಬಗ್ಗೆ ಇಲ್ಲಸಲ್ಲದ ವಿಡಿಯೋ, ಸುಳ್ಳು ಸುದ್ದಿ ಮೊಬೈಲಿನಲ್ಲಿ ಓಡಾಡುವ ಕಾಲ ಇದು. ಪರಊರಿನಲ್ಲಿ ಒಂಟಿಯಾಗಿ ಹೋಟೆಲ್ ಇಟ್ಟ ಹುಡುಗನಿಗೆ ಅದರ ಭಯ ಜಾಸ್ತಿ. ಅದಕ್ಕೆ ಜಗಳ ಉತ್ತರ ಅಲ್ಲ. ಗೋಡೆಯ ಮೇಲಿನ ಲೈಸೆನ್ಸ್, ಫೈಲಿನಲ್ಲಿರುವ ನೀರಿನ ವರದಿ, ಗಿರಾಕಿಗೆ ತೆರೆದಿಟ್ಟ ಅಡುಗೆಮನೆ – ಇವೇ ಉತ್ತರ. ಸಾರವಾಡದ ಹುಡುಗ ಈಗ ಅಡುಗೆಮನೆಯ ಮುಂದಿನ ತಗಡು ತೆಗೆದು ಗಾಜು ಹಾಕಿದ್ದಾನೆ. ಊರವರು ನಿಂತು ನೋಡುತ್ತಾರೆ, ಮತ್ತೆ ಒಳಗೆ ಬಂದು ತಿನ್ನುತ್ತಾರೆ.

ಮದೀನಾದ ಸಂತೆಯಲ್ಲಿ

ತಪಾಸಣೆ ಎಂಬುದು ನಮಗೆ ಹೊರಗಿನಿಂದ ಬಂದ ವಿಷಯವೂ ಅಲ್ಲ. ಪ್ರವಾದಿ (ಸ) ಒಮ್ಮೆ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದರು, ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿ, ವಂಚನೆ ಮಾಡುವವನು ನಮ್ಮವನಲ್ಲ ಎಂಬ ಅರ್ಥದ ಮಾತು ಹೇಳಿದರು. ಮದ್ರಸಾದಲ್ಲಿ ನಾವೆಲ್ಲ ಕೇಳಿದ ಹದೀಸ್ ಇದು. ಖಲೀಫ ಉಮರ್ (ರ) ಕಾಲದಲ್ಲಿ ಮದೀನಾದ ಸಂತೆಯ ಮೇಲ್ವಿಚಾರಣೆಯ ಕೆಲಸವನ್ನು ಶಿಫಾ ಬಿಂತ್ ಅಬ್ದುಲ್ಲಾ ಎಂಬ ಮಹಿಳೆಗೂ ವಹಿಸಲಾಗಿತ್ತು ಎಂದು ಚರಿತ್ರೆಕಾರರು ಬರೆದಿದ್ದಾರೆ. ಮುಂದೆ ಮುಸ್ಲಿಂ ಆಡಳಿತದ ನಗರಗಳಲ್ಲಿ ತೂಕ, ಅಳತೆ, ಅಡುಗೆ ನೋಡಲು ಮುಹ್ತಸಿಬ್ ಎಂಬ ಅಧಿಕಾರಿಯೇ ಇದ್ದ.

ಹಲಾಲ್ ಬೋರ್ಡ್ ನೋಡಿ ನಾವು ಹೋಟೆಲಿಗೆ ನುಗ್ಗುತ್ತೇವೆ. ಆದರೆ ಖುರ್‌ಆನ್ ಹಲಾಲ್ ಎಂಬುದರ ಜೊತೆಯಲ್ಲೇ ತಯ್ಯಿಬ್, ಅಂದರೆ ಶುದ್ಧ, ಉತ್ತಮ ಎಂಬುದನ್ನೂ ಇಟ್ಟಿದೆ. ಹಲಾಲಾಗಿ ಕೊಯ್ದ ಕೋಳಿಯ ನೀರು ನಿನ್ನೆಯ ಅನ್ನಕ್ಕೆ ಹನಿಯುತ್ತಿದ್ದರೆ ಎರಡನೆಯ ಶಬ್ದವನ್ನು ನಾವು ಮರೆತ ಹಾಗೆ.

ಮನೆಯವರ ಕೆಲಸ

ಇದು ಹೋಟೆಲ್‌ನವರಿಗೆ ಮಾತ್ರ ಅಂತ ಪುಟ ಮಗುಚಬೇಡಿ. ಮನೆಯಲ್ಲಿ ಸಮೋಸ, ಪತ್ತಿರ್, ಹಲ್ವಾ, ಕೇಕ್ ಮಾಡಿ ಮಾರುವ ನಮ್ಮ ತಾಯಂದಿರು, ತಂಗಿಯಂದಿರು ಹಲವರಿದ್ದಾರೆ. ಮಾರುವವರು ಅಂದ ಮೇಲೆ ಮನೆಯಾದರೂ ನೋಂದಣಿ ಬೇಕು. ಅದು ಸಣ್ಣ ಖರ್ಚು. ಸಂಖ್ಯೆ ಸಿಕ್ಕಿದರೆ ಅಂಗಡಿಗೆ, ಆನ್‌ಲೈನ್‌ಗೆ ಕೊಡಲು ಬಾಗಿಲೂ ತೆರೆಯುತ್ತದೆ.

ಸಮೋಸ, ಪೋಡಿಯನ್ನು ಪತ್ರಿಕೆಯಲ್ಲಿ ಸುತ್ತಿ ಕೊಡುವ ಹಾಗಿಲ್ಲ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಇಳಿಯುತ್ತದೆ. ಈ ಪುಟವನ್ನು ಓದಿ, ಕತ್ತರಿಸಿ ಇಡಿ, ಎಣ್ಣೆ ಹೀರಲು ಮಾತ್ರ ಬಳಸಬೇಡಿ. ಹುರಿದ ಎಣ್ಣೆಗೂ ಲೆಕ್ಕ ಉಂಟು: ಪೋಲಾರ್ ಕಾಂಪೌಂಡ್ ಎಂಬ ಅಂಶ ಶೇ 25 ದಾಟಿದ ಎಣ್ಣೆಯನ್ನು ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ಉಂಟು. ಮನೆಯಲ್ಲಿ ಮೀಟರ್ ಇಲ್ಲ. ಕಪ್ಪಾಯಿತು, ನೊರೆ ಬಂತು, ಹೊಗೆ ಬೇಗ ಎದ್ದಿತು ಅಂದರೆ ಚೆಲ್ಲುವ ಹೊತ್ತಾಯಿತು.

ಮದುವೆಗೆ ಕೇಟರಿಂಗ್ ಮಾತಾಡುವಾಗ ತಲೆಗೆ ಎಷ್ಟು ಎಂದು ಮಾತ್ರ ಕೇಳುತ್ತೇವೆ. ಇನ್ನು ಮೂರು ಕೇಳಿ: ಲೈಸೆನ್ಸ್ ನಂಬರ್ ಎಷ್ಟು? ನೀರು ಎಲ್ಲಿಂದ? ಮಾಂಸ ಬೇಯುವುದು ಎಷ್ಟು ಗಂಟೆಗೆ, ಬಡಿಸುವುದು ಎಷ್ಟು ಗಂಟೆಗೆ? ಮೌಲಿದ್, ಇಫ್ತಾರ್ ಕೂಟಗಳಲ್ಲೂ ಜಮಾಅತ್‌ನವರು ಒಬ್ಬನನ್ನು ಇಷ್ಟು ನೋಡಲು ನೇಮಿಸಿದರೆ ಸಾಕು.

ಹೊರಗೆ ತಿಂದು ಮನೆಯಲ್ಲಿ ಎರಡು ಮೂರು ಜನಕ್ಕೆ ಒಟ್ಟಿಗೆ ವಾಂತಿಭೇದಿ ಆದರೆ ಮೊದಲು ಆಸ್ಪತ್ರೆ, ಮತ್ತೆ ದೂರು. ಯಾವ ಹೊತ್ತಿಗೆ ಎಂತ ತಿಂದದ್ದು ಎಂದು ವೈದ್ಯರಿಗೆ ಹೇಳಿ. ಬಿಲ್ ಇಟ್ಟುಕೊಳ್ಳಿ. ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800-112-100ಕ್ಕೆ ಕರೆ ಮಾಡಬಹುದು, ಅವರ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲೂ ದೂರು ಕೊಡಬಹುದು. ಶುಲ್ಕ ಕಟ್ಟಿ ಗಿರಾಕಿಯೇ ಆಹಾರವನ್ನು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲು 40ನೇ ಕಲಮಿನಲ್ಲಿ ಅವಕಾಶ ಉಂಟು. ದೂರು ಕೊಡುವ ಬದಲು ವಿಡಿಯೋ ಮಾಡಿ ಗ್ರೂಪಿಗೆ ಹಾಕಿದರೆ ಯಾರ ಅಡುಗೆಮನೆಯೂ ಶುದ್ಧ ಆಗುವುದಿಲ್ಲ.

ಸಾರವಾಡಕ್ಕೆ ಈ ಸಲ ಉಮ್ಮ ಕೂಡ ಹೋಗಿ ಬಂದರು. ಮಗನ ಹೋಟೆಲು ನೋಡಿದ್ದು ಅದೇ ಮೊದಲು. ಗಲ್ಲಾದ ಹತ್ತಿರ ಕೂರಿಸಲು ಕುರ್ಚಿ ತಂದರೆ ಅವರು ಕೂರಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆರೆದು ನೋಡಿದರು. ಮತ್ತೆ ಮಗನ ಕೈ ಹಿಡಿದು ಉಗುರು ನೋಡಿದರು.

"ಅಧಿಕಾರಿ ಎರಡು ಸಲ ಬಂದಾಗಲೂ ನನಗೆ ಅಷ್ಟು ಹೆದರಿಕೆ ಆಗಲಿಲ್ಲ ಕಾಕ" ಎಂದು ನಕ್ಕ ಹುಡುಗ.